ಆರು ತಿಂಗಳ ಮಲ್ಟಿಮೀಡಿಯಾ ಪತ್ರಿಕೋದ್ಯಮ ಕೋರ್ಸ್: ಕ್ಯಾಮೆರಾ ದಂಡ, ಕೆಂಪು ಪೆನ್ನು ಲಾಭ

ಐದಕ್ಕೆ ಮೂರು ಕೊಡುತ್ತೇನೆ. ಮೊದಲು ಮೂರೂವರೆ ಅಂತ ಬರೆದಿದ್ದೆ, ಆಮೇಲೆ ಅಳಿಸಿದೆ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಜಾಗದ ಹೆಸರು ಹಾಕುತ್ತಿಲ್ಲ. ನನ್ನ ಜೊತೆ ಓದಿದ ನಾಲ್ಕು ಜನರ ಸರ್ಟಿಫಿಕೇಟ್ ಇನ್ನೂ ಸಂಸ್ಥೆಯವರ ಬೀರುವಿನಲ್ಲೇ ಇದೆ, ನಾನು ಇಲ್ಲಿ ಬಾಯಿ ಬಿಟ್ಟು ಅವರಿಗೆ ತೊಂದರೆ ಆಗುವುದು ಬೇಡ. ಬೆಂಗಳೂರಿನ ದಕ್ಷಿಣದ ಕಡೆ, ಸೀರೆ ಅಂಗಡಿಯ ಮೇಲೆ ಎರಡನೇ ಮಹಡಿ, ಪಕ್ಕದಲ್ಲೇ ದರ್ಶಿನಿ, ಹನ್ನೊಂದು ಗಂಟೆಯಾದರೆ ಒಗ್ಗರಣೆ ವಾಸನೆ ಕ್ಲಾಸಿನೊಳಗೆ ಬರುತ್ತದೆ. ಇಷ್ಟು ಸಾಕು. ಈ ಥರದ ಜಾಗಗಳು ಊರಲ್ಲಿ ಬೇಕಾದಷ್ಟಿವೆ, ಬೇರೆ ಕಡೆ ಸೇರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಕೋರ್ಸಿನ ಹೆಸರು ರೈಲಿನಷ್ಟು ಉದ್ದ. ಮಲ್ಟಿಮೀಡಿಯಾ ಪತ್ರಿಕೋದ್ಯಮ ಮತ್ತು ಸಾರ್ವಜನಿಕ ಹಿತಾಸಕ್ತಿ ಸಂವಹನ. ಆರು ತಿಂಗಳು, ಶನಿವಾರ ಭಾನುವಾರ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ಫೀಸು 72,000 ರೂಪಾಯಿ, ಮೂರು ಕಂತು. ಅದರ ಮೇಲೆ ಕಾಲರ್ ಮೈಕಿಗೆ ಅಂತ 2,000 ಡಿಪಾಸಿಟ್, ಕೋರ್ಸ್ ಮುಗಿದ ಮೇಲೆ ವಾಪಸ್. ಓಡಾಟದ ಖರ್ಚು ಮಾತ್ರ ನನಗೆ ಸೊನ್ನೆ, 2023ರ ಜೂನ್‌ನಿಂದ ಹೆಂಗಸರಿಗೆ ಬಿಎಂಟಿಸಿ ಬಸ್ಸಿನಲ್ಲಿ ಶಕ್ತಿ ಟಿಕೆಟ್ ಇದೆಯಲ್ಲ.

ನಾನು ಯಾರು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ರಿವ್ಯೂಗೆ ಅರ್ಥ ಇರಲ್ಲ. ರಾಜಾಜಿನಗರದ ಒಂದು ಆಡಿಟರ್ ಆಫೀಸಿನಲ್ಲಿ ಐದು ವರ್ಷ ಜಿಎಸ್‌ಟಿ ರಿಟರ್ನ್ ತುಂಬಿದವಳು. ಪತ್ರಿಕೆಗೂ ನನಗೂ ಇದ್ದ ಸಂಬಂಧ ಅಂದರೆ ಭಾನುವಾರದ ಪುರವಣಿ, ಅಷ್ಟೇ. 2024ರ ಮಾರ್ಚ್‌ನಲ್ಲಿ ಊರೆಲ್ಲ ನೀರಿಗೆ ಪರದಾಡಿತಲ್ಲ, ಆಗ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತು, ಅಪಾರ್ಟ್‌ಮೆಂಟುಗಳು ನಲ್ಲಿಗೆ ಏರಿಯೇಟರ್ ಹಾಕಿಸಬೇಕು ಅಂದಿತು. ನಮ್ಮ ಬಿಲ್ಡಿಂಗಿನ ಗ್ರೂಪಿನಲ್ಲಿ ಈ ಸುದ್ದಿಯ ಫೋಟೋ ನಲವತ್ತು ಸಲ ಓಡಾಡಿತು. ಏರಿಯೇಟರ್ ಅಂದರೆ ಏನು, ಎಲ್ಲಿ ಸಿಗುತ್ತದೆ, ಯಾರು ಹಾಕುತ್ತಾರೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೇಳಿಕೊಂಡು ಬಂದು ಐದು ಸಾಲು ಬರೆದೆ, ವಾಚ್‌ಮನ್ ಹೆಂಡತಿ ಅದನ್ನು ಪಂಪಿನ ಸ್ವಿಚ್ ಪಕ್ಕ ಅಂಟಿಸಿದಳು. ಒಂದು ವಾರದಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಯ ನಲ್ಲಿ ಬಾಯಿಗೂ ನೀರು ಉಳಿಸುವ ಆ ಸಣ್ಣ ಜಾಲರಿ ಬಂತು. ಅವತ್ತು ತಲೆಗೆ ಹುಳ ಹೊಕ್ಕಿತು. ಇದೇ ಕೆಲಸ ಸಂಬಳಕ್ಕೆ ಮಾಡಬಹುದಾ ಅಂತ ಹುಡುಕಿದಾಗ ಸಿಕ್ಕಿದ್ದು ಈ ಕೋರ್ಸು. ಅಮ್ಮನ ಪ್ರಶ್ನೆ ಒಂದೇ, “ಟಿವಿಲಿ ಬರ್ತೀಯೇನೇ?”

ಮೊದಲು ಬೈಗುಳ ಮುಗಿಸುತ್ತೇನೆ.

ಬ್ರೋಷರಿನ ಮುಖಪುಟದಲ್ಲಿ ದೊಡ್ಡ ಕ್ಯಾಮೆರಾ, ಹಸಿರು ಪರದೆ, ನಗುತ್ತಿರುವ ಆ್ಯಂಕರ್. ಒಳಗೆ ಹೋದರೆ 22 ಜನಕ್ಕೆ ಎರಡು ಕ್ಯಾಮೆರಾ, ಅದರಲ್ಲಿ ಒಂದರ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಮಲಗುತ್ತದೆ. ಆರು ತಿಂಗಳಲ್ಲಿ ನನ್ನ ಕೈಗೆ ಕ್ಯಾಮೆರಾ ಸಿಕ್ಕಿದ್ದು ಒಟ್ಟು ಸೇರಿಸಿದರೆ ನಾಲ್ಕು ಗಂಟೆ ಇರಬಹುದು. ಮಿಕ್ಕಿದ್ದೆಲ್ಲ ನನ್ನದೇ ಫೋನಿನಲ್ಲಿ ಮಾಡಿದ್ದು. ಈಗಿನ ಕೆಲಸಕ್ಕೆ ಫೋನೇ ಸಾಕು, ಆ ಮಾತು ಬೇರೆ. ಆದರೆ ಫೋನಿನಲ್ಲೇ ಮಾಡುವುದಾದರೆ ಬ್ರೋಷರಿನಲ್ಲಿ ಫೋನಿನ ಚಿತ್ರ ಹಾಕಿ ಫೀಸು ಇಳಿಸಬೇಕಿತ್ತು, ಅಲ್ವಾ? ಹಸಿರು ಪರದೆ ಮುಂದೆ ನಾನು ನಿಂತದ್ದು ಒಂದೇ ಸಲ, ಬ್ಯಾಚ್ ಫೋಟೋಗೆ.

‘100% ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಅಂತ ಇತ್ತು. ಕೊನೆಯ ಪದದ ಮೇಲೆ ಕಣ್ಣಿಡಿ. ಕೆಲಸ ಕೊಡಿಸುತ್ತೇವೆ ಅಂತ ಅವರು ಎಲ್ಲೂ ಹೇಳಿಲ್ಲ, ಸಹಾಯ ಮಾಡುತ್ತೇವೆ ಅಂದಿದ್ದಾರೆ. ಸಹಾಯ ಅಂದರೆ ವಾಟ್ಸಾಪ್ ಗ್ರೂಪಿಗೆ ಎಲ್ಲರಿಗೂ ಕಾಣುವ ಕೆಲಸದ ಜಾಹೀರಾತಿನ ಲಿಂಕ್ ಹಾಕುವುದು. ಜಿಎಸ್‌ಟಿ ನೋಟಿಸ್ ಓದಿ ಓದಿ ಸಣ್ಣ ಅಕ್ಷರದ ಅಭ್ಯಾಸ ಇದ್ದ ನಾನೇ ಇದಕ್ಕೆ ಬಿದ್ದೆ.

ಕನ್ನಡದ ವಿಷಯಕ್ಕೆ ಬಂದರೆ ಇನ್ನೂ ಸಿಟ್ಟು. ಬ್ಯಾಚಿನಲ್ಲಿ ಮುಕ್ಕಾಲು ಪಾಲು ಕನ್ನಡದವರು, ಮಾಡುವ ವಿಡಿಯೋ ಕನ್ನಡದ್ದು. ಎಡಿಟಿಂಗ್ ಕ್ಲಾಸಿನಲ್ಲಿ ಪ್ರೀಮಿಯರ್ ಪ್ರೊ ಅನ್ನುವ ವಿಡಿಯೋ ಸಾಫ್ಟ್‌ವೇರ್ ತೆರೆದು ಸಬ್‌ಟೈಟಲ್ ಟೈಪ್ ಮಾಡಿದರೆ ಒತ್ತಕ್ಷರ ಎಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತವು. ‘ಸ್ವಚ್ಛತೆ’ ಅಂತ ಹೊಡೆದರೆ ‘ಸ್‌ವಚ್‌ಛತೆ’. ಹೇಳಿಕೊಡುವ ಹುಡುಗ ತಲೆ ಕೆರೆದುಕೊಂಡು “ಇಂಗ್ಲಿಷಲ್ಲೇ ಹಾಕಿಬಿಡಿ ಮೇಡಂ” ಅಂದ. ಕೊನೆಗೆ ನಮ್ಮ ಬ್ಯಾಚಿನ ಹಾಸನದ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಕೂತು ಸೆಟ್ಟಿಂಗ್ ಹುಡುಕಿದ. ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ಅಂತ ಇದೆ, ಅಲ್ಲಿ ಅಕ್ಷರದ ಎಂಜಿನ್ ಯುರೋಪಿಯನ್ ಅಂತ ಇರುತ್ತದೆ, ಅದನ್ನು ಸೌತ್ ಏಷ್ಯನ್‌ಗೆ ಬದಲಾಯಿಸಬೇಕು, ಅಷ್ಟೇ. ಎರಡು ಕ್ಲಿಕ್. 72,000 ತೆಗೆದುಕೊಳ್ಳುವವರು ಇದನ್ನು ತಿಳಿದುಕೊಂಡಿರಬೇಡವೇ? ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಅಕ್ಷರದಲ್ಲಿ ಬಂದ ಪ್ರೆಸ್ ನೋಟನ್ನು ಪೇಸ್ಟ್ ಮಾಡಿದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು ಎಲ್ಲ ಬರುತ್ತದಲ್ಲ, ಅದನ್ನು ಯೂನಿಕೋಡ್‌ಗೆ ತಿರುಗಿಸುವುದನ್ನೂ ನಾವು ನಾವೇ ಕಲಿತೆವು. ಸುದ್ದಿ ತಿದ್ದುವ ಕನ್ನಡ ಡೆಸ್ಕಿನಲ್ಲಿ ದಿನಾ ಬೇಕಾಗುವ ವಿದ್ಯೆ ಇದು.

ಈಗ ಮೂರು ಸ್ಟಾರ್ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಆ ಮೂರನ್ನೂ ಇಬ್ಬರು ಸಂಪಾದಿಸಿಕೊಟ್ಟರು.

ಒಬ್ಬರು ಸರ್. ಪತ್ರಿಕೆಯೊಂದರ ಡೆಸ್ಕಿನಲ್ಲಿ ಮೂವತ್ತು ವರ್ಷ ಕೂತು ರಿಟೈರ್ ಆದವರು. ಹೆಗಲಿಗೆ ಬಟ್ಟೆ ಚೀಲ, ಜೇಬಿನಲ್ಲಿ ಎರಡು ಕೆಂಪು ಪೆನ್ನು, ಒಂದು ಖಾಲಿಯಾದರೆ ಇರಲಿ ಅಂತ. ಮೊದಲ ವಾರ ನಮ್ಮ ಏರಿಯಾದ ಮಳೆ ಬಗ್ಗೆ 400 ಪದ ಬರೆದು ತನ್ನಿ ಅಂದರು. ನಾನು ರಾತ್ರಿ ಕೂತು ಚೆನ್ನಾಗಿ ಬರೆದೆ ಅಂದುಕೊಂಡಿದ್ದೆ. ಹಾಳೆ ವಾಪಸ್ ಬಂದಾಗ ರಂಗೋಲಿ ಹಾಕಿದ ಹಾಗಿತ್ತು. ‘ಸ್ಥಳೀಯರು ಆಕ್ರೋಶ ವ್ಯಕ್ತಪಡಿಸಿದರು’ ಅನ್ನುವ ಸಾಲಿನ ಸುತ್ತ ಕೆಂಪು ವೃತ್ತ. “ಯಾರಮ್ಮ ಈ ಸ್ಥಳೀಯರು? ಎಷ್ಟು ಜನ? ನಿನ್ನ ಹತ್ತಿರ ಏನಂದರು?” ನಾನು ಯಾರನ್ನೂ ಮಾತಾಡಿಸಿರಲಿಲ್ಲ. ಟಿವಿಯಲ್ಲಿ ಕೇಳಿ ಕೇಳಿ ಅದು ತಾನಾಗಿಯೇ ಬಂದುಬಿಟ್ಟಿತ್ತು. “ಹೋಗಿ ಒಬ್ಬರನ್ನ ಮಾತಾಡ್ಸ್ಕೊಂಡು ಬಾ. ಒಬ್ಬರು ಸಾಕು. ಮನೆಯೊಳಗೆ ನೀರು ಎಲ್ಲಿವರೆಗೆ ಬಂತು ಅಂತ ಕೇಳು, ಗೋಡೆ ಮೇಲೆ ಗುರುತು ಇರುತ್ತೆ, ಅಳೆದುಕೊಂಡು ಬಾ.”

ಟೈಲರ್ ಟೇಪ್ ಇಟ್ಟುಕೊಂಡು ಹೋದೆ. ನಮ್ಮ ಬೀದಿಯ ಕೊನೆಯಲ್ಲಿರುವ ಅಜ್ಜಿಯ ಮನೆಯ ಗೋಡೆಯಲ್ಲಿ ಕಂದು ಗೆರೆ, ನೆಲದಿಂದ ಹದಿನೇಳು ಇಂಚು. ಗ್ಯಾಸ್ ಸಿಲಿಂಡರನ್ನು ಮಂಚದ ಮೇಲೆ ಮಲಗಿಸಿ ತಾನು ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತಿದ್ದೆ ಅಂದರು. ಆ ಎರಡು ಸಾಲು ಸರ್ ಮುಟ್ಟಲಿಲ್ಲ. ಮಿಕ್ಕ 350 ಪದ ಹೊಡೆದರು.

‘ಬೆಚ್ಚಿಬಿದ್ದ’, ‘ಮುಗಿಲು ಮುಟ್ಟಿದ ಆಕ್ರಂದನ’, ‘ಹೌದು ವೀಕ್ಷಕರೇ’, ಇವಕ್ಕೆಲ್ಲ ತಲಾ ಐದು ರೂಪಾಯಿ ದಂಡ ಇಟ್ಟಿದ್ದರು. ಕೊನೆಯ ದಿನ ಆ ದುಡ್ಡಿನಲ್ಲಿ ಎಲ್ಲರಿಗೂ ಕೆಳಗಿನ ದರ್ಶಿನಿಯಲ್ಲಿ ಮಸಾಲೆ ದೋಸೆ ಆಯಿತು, ಲೆಕ್ಕ ಹಾಕಿಕೊಳ್ಳಿ ಎಷ್ಟು ಬರೆದಿದ್ದೆವು ಅಂತ.

ಕಾನೂನಿನ ಪಾಠವೂ ಅವರದೇ, ಒಂದೇ ದಿನದಲ್ಲಿ ಮುಗಿಸಿದರು, ಆದರೆ ಮರೆಯುವ ಹಾಗಿಲ್ಲ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ ಪ್ರಕರಣದಲ್ಲಿ ಮಗುವಿನ ಹೆಸರು, ಫೋಟೋ ಅಷ್ಟೇ ಅಲ್ಲ, ಮನೆ, ಶಾಲೆ, ಪಕ್ಕದವರು ಕೂಡ ಗೊತ್ತಾಗಬಾರದು, ಸೆಕ್ಷನ್ 23. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ, ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಈ 150 ಪದದ ನಿಯಮವನ್ನು ಎಲ್ಲರೂ ಬೈಯುತ್ತಾರೆ, ಸರ್ ಮಾತ್ರ “ಇದಕ್ಕಿಂತ ಒಳ್ಳೆ ಎಡಿಟಿಂಗ್ ಕ್ಲಾಸ್ ಬೇಕಾ?” ಅಂತ ನಮ್ಮೆಲ್ಲರ ಕೈಯಲ್ಲಿ ಒಂದೊಂದು ಅರ್ಜಿ ಬರೆಸಿದರು. ಪೋಸ್ಟಾಫೀಸಿಗೆ ಹೋಗಿ ಆ 10 ರೂಪಾಯಿಗೆ ಪೋಸ್ಟಲ್ ಆರ್ಡರ್ ಕೇಳುವುದು ಹೇಗೆ ಅಂತ ಗೊತ್ತಿಲ್ಲದ ಹುಡುಗರಿದ್ದರು ಬ್ಯಾಚಿನಲ್ಲಿ. ನನ್ನ ಅರ್ಜಿಗೆ ಉತ್ತರ 29ನೇ ದಿನ ಬಂತು.

ಶಬ್ದದ ಪಾಠವೂ ಅವರದೇ, ಇದು ಆಶ್ಚರ್ಯ. ಮುದ್ರಣದವರು ಧ್ವನಿ ಬಗ್ಗೆ ಏನು ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ಮೊದಲ ಹದಿನೈದು ನಿಮಿಷ ಕಣ್ಣು ಮುಚ್ಚಿಸಿ ಕೂರಿಸಿದರು. ಕೆಳಗೆ ದರ್ಶಿನಿಯಲ್ಲಿ ಲೋಟ ಬೀಳುವ ಸದ್ದು, ಬಸ್ಸಿನ ಏರ್ ಬ್ರೇಕು, ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸುವಾಗಿನ ಪಟ್ ಅನ್ನುವ ಸದ್ದು. ಎಲ್ಲಿ ರೆಕಾರ್ಡ್ ಮಾಡಿದರೂ ಯಾರೂ ಮಾತಾಡದ ಮೂವತ್ತು ಸೆಕೆಂಡು ತೆಗೆದುಕೊಂಡು ಬನ್ನಿ, ಎಡಿಟ್ ಮಾಡುವಾಗ ಎರಡು ಮಾತಿನ ನಡುವೆ ಹೊಲಿಗೆ ಹಾಕಲು ಬೇಕಾಗುತ್ತದೆ ಅಂದರು. ಇನ್ನೊಂದು, ಯಾವ ಟ್ಯುಟೋರಿಯಲ್‌ನಲ್ಲೂ ನಾನು ನೋಡಿಲ್ಲ: ಹೆಂಗಸರಿಗೆ ಕಾಲರ್ ಮೈಕ್ ಹಾಕುವಾಗ ತಾಳಿ ಸರ ಎಲ್ಲಿದೆ ನೋಡಿ. ಮಾತಾಡುವಾಗ ಉಸಿರಿನ ಜೊತೆ ಕರಿಮಣಿ ಅಲ್ಲಾಡಿ ಮೈಕಿಗೆ ಟಿಕ್ ಟಿಕ್ ಅಂತ ತಾಗುತ್ತದೆ, ಅಲ್ಲಿ ನಿಂತಾಗ ಕಿವಿಗೆ ಬೀಳಲ್ಲ, ಮನೆಗೆ ಬಂದು ಹೆಡ್‌ಫೋನ್ ಹಾಕಿದಾಗ ಅಳು ಬರುತ್ತದೆ. ಹಾಗಂತ ಸರ ತೆಗೆಯಿರಿ ಅಂತ ಕೇಳಬೇಡಿ. ಸೆರಗಿನ ಅಂಚಿಗೆ, ಸರಕ್ಕಿಂತ ನಾಲ್ಕು ಬೆರಳು ಪಕ್ಕಕ್ಕೆ ಸಿಕ್ಕಿಸಿ.

ಇನ್ನೊಬ್ಬರು ಮೇಡಂ, ಸಾರ್ವಜನಿಕ ಹಿತಾಸಕ್ತಿ ಸಂವಹನದವರು. ಆರೋಗ್ಯ ಕಾರ್ಯಕ್ರಮಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಈ ಹೆಸರೇ ನಮಗೆಲ್ಲ ಹೊಸದು. ಜನರಿಗೆ ಒಳ್ಳೆಯದಾಗುವ ವಿಷಯವನ್ನು ಅವರು ಮಾಡುವ ಹಾಗೆ ಮುಟ್ಟಿಸುವುದು ಅಂತ ಅರ್ಥ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಫ್ರ್ಯಾಂಕ್ ಕ್ಯಾರೆಲ್ ಅನ್ನುವವರ ಹೆಸರಿನಲ್ಲಿ ಇದಕ್ಕೊಂದು ಪೀಠವೇ ಇದೆಯಂತೆ. ಹಾಗಾದರೆ ಡಂಗುರ ಹೊಡೆಯುವವನು ಮಾಡುತ್ತಿದ್ದದ್ದೂ ಇದೇ ತಾನೇ ಅಂತ ಯಾರೋ ಕೇಳಿದರು. ಮೇಡಂ ನಕ್ಕು, “ಡಂಗುರದವನು ಹೇಳಿ ಮುಂದಿನ ಬೀದಿಗೆ ಹೋಗ್ತಾನೆ. ಜನ ಮಾಡಿದರಾ ಇಲ್ವಾ ಅಂತ ನೋಡೋಕೆ ವಾಪಸ್ ಬರ್ತಾನಾ?” ಅಂದರು. ಆರು ತಿಂಗಳ ಪಾಠವೆಲ್ಲ ಆ ‘ವಾಪಸ್ ಬರುವುದರ’ ಮೇಲೇ ಇತ್ತು.

ಅದಕ್ಕೆ ಅವರು ಕೊಟ್ಟ ಉದಾಹರಣೆ ಪೋಲಿಯೊ. ‘ಎರಡು ಹನಿ’ ಅನ್ನುವ ಜಾಹೀರಾತು ನಮಗೆಲ್ಲ ನೆನಪಿದೆ. ಆದರೆ ಕೆಲಸ ಮಾಡಿದ್ದು ಜಾಹೀರಾತು ಮಾತ್ರ ಅಲ್ಲವಂತೆ. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ, ಆಮೇಲೆ ಮನೆ ಮನೆಗೆ ಹೋಗಿ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು, ಎಲ್ಲ ಮಕ್ಕಳಿಗೂ ಆಗಿದ್ದರೆ ಒಂದು ಗುರುತು, ಯಾರಾದರೂ ಬಿಟ್ಟುಹೋಗಿದ್ದರೆ ಇನ್ನೊಂದು, ಆ ಎರಡನೇ ಗುರುತಿನ ಮನೆಗೆ ಮತ್ತೆ ಹೋಗುವುದು. ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿ 13, ಪಶ್ಚಿಮ ಬಂಗಾಳದ ಹೌರಾದಲ್ಲಿ. ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ಕ್ಕೆ. ನನ್ನ ಚಿಕ್ಕಂದಿನ ಮನೆಯ ಬಾಗಿಲಿನ ಆ ಸುಣ್ಣದ ಗುರುತನ್ನು ಅಮ್ಮ ಹಬ್ಬಕ್ಕೆ ಒರೆಸಿದ್ದು ನೆನಪಾಯಿತು.

ವದಂತಿಯ ಕ್ಲಾಸ್ ಮಾತ್ರ ಎಲ್ಲರನ್ನೂ ಸುಮ್ಮನಾಗಿಸಿತು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ, ತಮ್ಮ ಮೇಲೆ ಹಲ್ಲೆ ಆಗುತ್ತದೆ ಅನ್ನುವ ಎಸ್ಸೆಮ್ಮೆಸ್ ನೋಡಿ ಹೆದರಿ ನಮ್ಮ ಸಿಟಿ ಸ್ಟೇಷನ್ನಿನಿಂದ ಗುವಾಹಟಿ ರೈಲು ಹತ್ತಿದರಲ್ಲ, ಆಗ ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಜಾಸ್ತಿ ಮೆಸೇಜ್ ಕಳಿಸದ ಹಾಗೆ ಮಾಡಿತ್ತು. ಆರು ವರ್ಷದ ನಂತರ, 2018ರ ಮೇ ತಿಂಗಳು, ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅಂತ ವಾಟ್ಸಾಪ್ ಸುದ್ದಿ ನಂಬಿ ಜನ ಒಬ್ಬನನ್ನು ಹೊಡೆದು ಕೊಂದರು. ಮೇಡಂ ಕೇಳಿದ್ದು: ಅವತ್ತು ನೀವು ಡೆಸ್ಕಿನಲ್ಲಿದ್ದರೆ ತಲೆಬರಹ ಏನು ಕೊಡುತ್ತಿದ್ದಿರಿ? ನಮ್ಮಲ್ಲಿ ಹೆಚ್ಚಿನವರು ‘ಮಕ್ಕಳ ಕಳ್ಳರ ವದಂತಿ’ ಅಂತಲೇ ಶುರು ಮಾಡಿದ್ದೆವು. “ಓದುವವನ ತಲೆಯಲ್ಲಿ ಉಳಿಯೋದು ಮೊದಲ ಎರಡು ಪದ. ಸುಳ್ಳನ್ನ ಮೊದಲು ಹಾಕಬೇಡಿ.” ನಾನೀಗಲೂ ತಲೆಬರಹ ಬರೆದ ಮೇಲೆ ಮೊದಲ ಎರಡು ಪದವನ್ನಷ್ಟೇ ಬೆರಳಿಟ್ಟು ಓದಿಕೊಳ್ಳುತ್ತೇನೆ. ಆತ್ಮಹತ್ಯೆಯ ಸುದ್ದಿ ಬರೆಯುವ ಬಗ್ಗೆಯೂ ಒಂದು ಪೂರ್ತಿ ಮಧ್ಯಾಹ್ನ ಇತ್ತು. ಹೇಗೆ ಅಂತ ವಿವರ ಬೇಡ, ಎದ್ದು ಕಾಣುವ ಹಾಗೆ ಹಾಕುವುದು ಬೇಡ ಅಂತ ಪತ್ರಿಕೆಗಳ ಮೇಲೆ ನಿಗಾ ಇಡುವ ಪ್ರೆಸ್ ಕೌನ್ಸಿಲ್ 2019ರಲ್ಲೇ ಹೇಳಿದೆ. ಒಂದೇ ಕಾರಣ ಅಂತ ತೀರ್ಪೂ ಬೇಡ, ಸಹಾಯದ ನಂಬರ್ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅನ್ನುವುದು ನಮ್ಮ ಬ್ಯಾಚಿನ ಎಲ್ಲರಿಗೂ ಬಾಯಿಪಾಠ.

ಊರಿನ ಜನರೇ ಸೇರಿ ನಡೆಸುವ ಸಮುದಾಯ ರೇಡಿಯೊ ಬಗ್ಗೆ ಎರಡು ಕ್ಲಾಸ್ ಮಾತ್ರ ಇತ್ತು, ಕಡಿಮೆ ಆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು, ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದ ಕಾಲದಲ್ಲಿ ಕೇಬಲ್ ಎಳೆದು ಮನೆಮನೆಗೆ ‘ನಮ್ಮ ಧ್ವನಿ’ ಕೇಳಿಸಿದ ಕತೆ ಕೇಳಿ ನನಗೆ ಅಲ್ಲಿಗೇ ಹೋಗಿ ನೋಡಬೇಕು ಅನ್ನಿಸಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ಬಾಗಿಲು ತೆರೆದದ್ದು 2006ರಲ್ಲಿ. ಬೆಂಗಳೂರಿನಲ್ಲೇ 90.4 ಎಫ್‌ಎಂನಲ್ಲಿ ರೇಡಿಯೊ ಆ್ಯಕ್ಟಿವ್ ಅನ್ನುವ ಸಮುದಾಯ ರೇಡಿಯೊ ಇದೆ. ಅಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಬದಲಿಗೆ ಒಂದು ಮಾಲ್‌ನಲ್ಲಿ ‘ಇನ್‌ಫ್ಲುಯೆನ್ಸರ್ ಮೀಟ್’ಗೆ ಕರೆದುಕೊಂಡು ಹೋದರು. ಇರಲಿ.

ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಕಸ. ಬೆಂಗಳೂರಲ್ಲಿ ಇನ್ನೇನು ಸಿಗುತ್ತದೆ ಅನ್ನಬೇಡಿ. 2015ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಕಸ ಬೇರೆ ಬೇರೆ ಮಾಡಲು ಎರಡು ಡಬ್ಬ ಒಂದು ಚೀಲ ಅಂತ ಎಲ್ಲರಿಗೂ ಗೊತ್ತು, ಹಸಿರು ಹಸಿಗೆ, ಕೆಂಪು ಯಾವುದಕ್ಕೂ ಬಾರದ ಕಸಕ್ಕೆ, ಚೀಲ ಒಣಗಿದ್ದಕ್ಕೆ. ಗೊತ್ತಿದ್ದೂ ನಮ್ಮ ಬೀದಿಯಲ್ಲಿ ಎಲ್ಲ ಒಂದೇ ಕವರಿನಲ್ಲಿ ಬರುತ್ತಿತ್ತು. ನನ್ನ ಮೊದಲ ಪೋಸ್ಟರಿನಲ್ಲಿ ಭೂಮಿತಾಯಿ, ಎರಡು ಕೈ, ಒಂದು ಗಿಡ, ‘ಸ್ವಚ್ಛ ಪರಿಸರ ನಮ್ಮ ಹೊಣೆ’. ಮೇಡಂ ನೋಡಿ, “ಇದನ್ನ ಓದಿ ನಾನೀಗ ಏನು ಮಾಡ್ಲಿ? ಗಿಡ ನೆಡ್ಲಾ?” ಅಂದರು.

ಬೆಳಿಗ್ಗೆ ಆರೂಕಾಲಿಗೆ ಕಸದ ಆಟೋ ಟಿಪ್ಪರ್ ಹಿಂದೆ ಹೋಗು ಅಂದರು. ಹೋದೆ, ಹನ್ನೆರಡು ದಿನ. ಅದರಲ್ಲಿ ಬರುವ ಅಕ್ಕ ಮೊದಲ ಮೂರು ದಿನ ನನ್ನನ್ನು ಆಫೀಸಿನಿಂದ ಚೆಕಿಂಗಿಗೆ ಬಂದವಳು ಅಂದುಕೊಂಡು ಮಾತೇ ಆಡಲಿಲ್ಲ. ನಾಲ್ಕನೇ ದಿನ ಟೀ ಕುಡಿಯುವಾಗ ಎಡಗೈ ತೋರಿಸಿದರು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಣಗಿದ ಗಾಯ, ಹೊಲಿಗೆಯ ಗುರುತು ಬಿಳಿ ಇರುವೆ ಸಾಲಿನ ಹಾಗೆ. “ಗಾಜು ಕಣಮ್ಮ. ಅನ್ನದ ಒಳಗಿತ್ತು. ಅನ್ನದಲ್ಲಿ ಗಾಜಿರುತ್ತೆ ಅಂತ ಯಾರ್ ಅಂದ್ಕೋತಾರೆ?” ಗ್ಲೌಸ್ ಹಾಕಲ್ವಾ ಅಂತ ಕೇಳಿದೆ, ಪೆದ್ದು ಪ್ರಶ್ನೆ. ಹಾಕಿಕೊಂಡಿದ್ದರು, ಹರಿದುಕೊಂಡು ಹೋಗಿತ್ತು.

ಹೊಸ ಪೋಸ್ಟರಿನಲ್ಲಿ ಆ ಕೈಯ ಫೋಟೋ ಹಾಕೋಣ ಅಂದುಕೊಂಡೆ. ಅಕ್ಕ ಬೇಡ ಅಂದರು, ಮಗಳಿಗೆ ಹುಡುಗನ ಕಡೆಯವರು ನೋಡಲು ಬರುವವರಿದ್ದರು. ಹಾಕಲಿಲ್ಲ. ಬದಲಿಗೆ ಒಡೆದ ಲೋಟ, ಪಕ್ಕದಲ್ಲಿ ಮಡಚಿದ ನ್ಯೂಸ್‌ಪೇಪರ್, ಅದರ ಮೇಲೆ ಕೆಂಪು ಗುರುತು. ಒಂದೇ ಸಾಲು: ‘ಒಡೆದ ಗಾಜು ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಕೈಗೆ ಕೊಡಿ.’ ನಮ್ಮ ಬೀದಿಯ 43 ಮನೆಗೂ ಹಂಚಿದೆ. ಒಂದು ವಾರ ಕಾದೆ. ಏನೂ ಬದಲಾಗಲಿಲ್ಲ. ಮೇಡಂಗೆ ಹೇಳಿದರೆ ಒಂದೇ ಪ್ರಶ್ನೆ: “ಪೋಸ್ಟರ್ ಯಾರ ಕೈಗೆ ಕೊಟ್ಟೆ? ಕಸ ಯಾರ ಕೈಯಿಂದ ಬರುತ್ತೆ?”

ಇಷ್ಟು ದಿನ ಕಣ್ಣೆದುರಿಗೇ ಇತ್ತು, ನೋಡಿರಲಿಲ್ಲ. ಪೋಸ್ಟರ್ ತೆಗೆದುಕೊಂಡದ್ದು ಮನೆಯವರು, ಕಸ ತಂದು ಕೊಡುತ್ತಿದ್ದದ್ದು ಮನೆಗೆಲಸದವರು. ಅವರಲ್ಲಿ ಕೆಲವರಿಗೆ ತಮಿಳು, ಕೆಲವರಿಗೆ ತೆಲುಗು, ಕೆಲವರಿಗೆ ಓದಲು ಬರಲ್ಲ. ಅಕ್ಷರ ತೆಗೆದು ಚಿತ್ರ ಮಾತ್ರ ಇಟ್ಟು, ಅಡುಗೆಮನೆಯ ಕಸದ ಡಬ್ಬದ ಮುಚ್ಚಳದ ಮೇಲೆ ಅಂಟಿಸುವಷ್ಟು ಚಿಕ್ಕದು ಮಾಡಿ, ಈ ಸಲ ಹಿತ್ತಿಲ ಬಾಗಿಲಿಗೆ ಹೋದೆ. ಎರಡು ವಾರ ಬಿಟ್ಟು ಟಿಪ್ಪರ್ ಹಿಂದೆ ಮತ್ತೆ ಹೋದಾಗ ಕೆಂಪು ಗುರುತಿನ ಪೊಟ್ಟಣಗಳು ಬರುತ್ತಿದ್ದವು. ಎಲ್ಲ ಮನೆಯಿಂದಲ್ಲ. ನನ್ನ ಸ್ವಂತ ಚಿಕ್ಕಮ್ಮನ ಮನೆಯಿಂದ ಇವತ್ತಿಗೂ ಇಲ್ಲ.

ಇದಿಷ್ಟೇ ಆಗಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಐದನೇ ತಿಂಗಳು ‘ಲೈವ್ ಪ್ರಾಜೆಕ್ಟ್’ ಅಂತ ಬಂತು. ಸಂಸ್ಥೆಗೆ ಪರಿಚಯದ ಒಂದು ಸ್ವಯಂಸೇವಾ ಸಂಸ್ಥೆ ಬಡಾವಣೆಯೊಂದಕ್ಕೆ ಕುಡಿಯುವ ನೀರಿನ ಘಟಕ ಹಾಕಿಸಿತ್ತು, 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುವಂಥದ್ದು. ಅದರ ಮೇಲೆ ಮೂರು ನಿಮಿಷದ ವಿಡಿಯೋ. ನಾವು ಐದು ಜನ ಎರಡು ವಾರ ದುಡಿದೆವು, ಊಟದ ದುಡ್ಡೂ ನಮ್ಮದೇ. ಒಬ್ಬ ತಾತ ಕ್ಯಾಮೆರಾ ಮುಂದೆ ಚೆನ್ನಾಗಿ ಮಾತಾಡಿದರು. ಮಿಷನ್ ಬಂದಾಗ ಖುಷಿಯಾಯಿತು ಅಂದರು, ಎರಡು ತಿಂಗಳಿಂದ ಕೆಟ್ಟು ನಿಂತಿದೆ, ಫೋನ್ ಮಾಡಿದರೆ ಎತ್ತಲ್ಲ ಅಂತಲೂ ಅಂದರು. ಎರಡನ್ನೂ ಇಟ್ಟೆವು. ಕೋಆರ್ಡಿನೇಟರ್ ಎರಡನೆಯದನ್ನು ಕತ್ತರಿಸಲು ಹೇಳಿದರು. ಒಪ್ಪಲಿಲ್ಲ. ಒಂದು ಸೋಮವಾರ ನೋಡಿದರೆ ವಿಡಿಯೋ ಹೊರಗೆ ಬಂದಿತ್ತು, ತಾತನ ಮೊದಲ ಅರ್ಧ ಮಾತ್ರ, ಹಿಂದೆ ಕೊಳಲು ಸಂಗೀತ, ಕೊನೆಯಲ್ಲಿ ದೊಡ್ಡ ಲೋಗೋ. ನಮ್ಮ ಹೆಸರೂ ಇರಲಿಲ್ಲ. ಅದು ಇಲ್ಲದ್ದೇ ಒಳ್ಳೆಯದಾಯಿತು.

ಸರ್ ಹತ್ತಿರ ಹೋಗಿ ಹೇಳಿದೆ. ಅವರು ವಾರಕ್ಕೆ ಎರಡು ದಿನ ಬಂದು ಹೋಗುವವರು, ಅವರ ಕೈಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೂರ್ತಿ ರೆಕಾರ್ಡಿಂಗ್ ನಿನ್ನ ಹತ್ರ ಇದೆ ತಾನೇ? ತಾತನಿಗೆ ಕೇಳಿಸಿದೆಯಾ?” ಅಂದರು. ಮುಂದಿನ ಭಾನುವಾರ ಹೋಗಿ ತಾತನಿಗೆ ಎರಡನ್ನೂ ತೋರಿಸಿದೆ. ಅವರಿಗೆ ಬೇಜಾರಾಗಲಿಲ್ಲ, ಸಂಗೀತ ಚೆನ್ನಾಗಿದೆ ಅಂದರು. ಮಿಷನ್ ಮಾತ್ರ ಆಗಲೂ ಕೆಟ್ಟೇ ಇತ್ತು. ಪತ್ರಕರ್ತೆ ಆಗುವುದು, ಸಂಸ್ಥೆಗೆ ವಿಡಿಯೋ ಮಾಡಿಕೊಡುವುದು, ಇವೆರಡೂ ಒಂದೇ ಕೋರ್ಸಿನೊಳಗೆ ಇದ್ದರೂ ಸಂಬಳ ಕೊಡುವ ಕೈ ಬೇರೆ ಬೇರೆ ಅಂತ ನನಗೆ ಅರ್ಥವಾದದ್ದು ಅವತ್ತು. ಸಿಲಬಸ್‌ನಲ್ಲಿ ಈ ಪಾಠ ಇರಲಿಲ್ಲ.

ಕೆಲಸದ ವಿಷಯ ಕೇಳುತ್ತೀರಿ, ಗೊತ್ತು. ನಮ್ಮ 22 ಜನರಲ್ಲಿ ನನಗೆ ಗೊತ್ತಿರುವ ಇಬ್ಬರು ಕನ್ನಡ ಡಿಜಿಟಲ್ ಚಾನೆಲ್‌ಗಳಲ್ಲಿದ್ದಾರೆ. ಅಲ್ಲಿ ಬೈಟ್, ಅಂದರೆ ಜನರ ಮಾತನ್ನು ರೆಕಾರ್ಡ್ ಮಾಡಿ ತರುವವರು, ಎಡಿಟ್ ಮಾಡುವವರು, ವಾಯ್ಸ್ ಓವರ್ ಕೊಡುವವರು, ಥಂಬ್‌ನೇಲ್ ಮಾಡುವವರು ಎಲ್ಲ ಒಬ್ಬರೇ. ಶುರುವಿನ ಸಂಬಳ 18,000, ನನ್ನ ಆಡಿಟರ್ ಆಫೀಸಿಗಿಂತ ಕಡಿಮೆ. ಹಾಸನದ ಹುಡುಗ ಸಬ್‌ಟೈಟಲ್ ಕೆಲಸ ಹಿಡಿದು ಎಲ್ಲರಿಗಿಂತ ಜಾಸ್ತಿ ದುಡಿಯುತ್ತಿದ್ದಾನೆ, ಆ ಎರಡು ಕ್ಲಿಕ್ಕಿನ ಪುಣ್ಯ. ಒಬ್ಬಳು ಆರೋಗ್ಯದ ಸಂಸ್ಥೆಯಲ್ಲಿ ಸಂವಹನ ಅಧಿಕಾರಿ. ಐದಾರು ಜನ ಹಳೆಯ ಕೆಲಸಕ್ಕೇ ವಾಪಸ್. ನಾನು ಈಗ ವಾರಕ್ಕೆ ಮೂರು ದಿನ ಆಡಿಟರ್ ಆಫೀಸು, ಮಿಕ್ಕ ದಿನ ಆಸ್ಪತ್ರೆ, ಶಾಲೆಗಳಿಗೆ ಕನ್ನಡದಲ್ಲಿ ಕರಪತ್ರ, ಆಡಿಯೋ ಮಾಡಿಕೊಡುತ್ತೇನೆ. ಪತ್ರಿಕೋದ್ಯಮ ಅಂತ ಅದನ್ನು ಕರೆಯಲ್ಲ. ತಿಂಗಳಿಗೊಂದು ವರದಿಯನ್ನು ಮಾತ್ರ ಯಾರಿಂದಲೂ ದುಡ್ಡು ತೆಗೆದುಕೊಳ್ಳದೆ ಬರೆಯುತ್ತೇನೆ, ಆ ನೀರಿನ ಘಟಕದ್ದು ಮೊದಲನೆಯದು.

ಯಾರು ಸೇರಬಹುದು? ಟಿವಿಯಲ್ಲಿ ಕಾಣಿಸಬೇಕು ಅನ್ನುವವರಿಗೆ ಬೇಡ, ಆ ದುಡ್ಡಿಗೆ ಒಳ್ಳೆ ಫೋನ್, ಒಳ್ಳೆ ಮೈಕ್ ಬರುತ್ತದೆ. ಡಿಗ್ರಿ ಬೇಕಾದವರಿಗೂ ಬೇಡ, ಇದು ಡಿಗ್ರಿ ಅಲ್ಲ, ವಿಶ್ವವಿದ್ಯಾಲಯದ ಎಂಎ ಬೇರೆಯೇ. ನನ್ನ ಹಾಗೆ ಬೇರೆ ಕೆಲಸದಲ್ಲಿದ್ದು, ಬರೆದದ್ದನ್ನು ಯಾರಾದರೂ ಮುಲಾಜಿಲ್ಲದೆ ತಿದ್ದಲಿ ಅಂತ ಕಾಯುತ್ತಿರುವವರು ಯೋಚಿಸಬಹುದು. ಸೇರುವ ಮುಂಚೆ ಕ್ಯಾಮೆರಾ ತೋರಿಸಿ ಅಂತ ಕೇಳಬೇಡಿ, ಹೋದ ಬ್ಯಾಚಿನವರ ತಿದ್ದಿದ ಹಾಳೆ ತೋರಿಸಿ ಅಂತ ಕೇಳಿ. ಇಲ್ಲ ಅಂದರೆ ಮೆಟ್ಟಿಲು ಇಳಿದು ದರ್ಶಿನಿಯಲ್ಲಿ ಕಾಫಿ ಕುಡಿದು ಬಂದುಬಿಡಿ. ಸರ್ ಮುಂದಿನ ಬ್ಯಾಚಿಗೆ ಇರುತ್ತಾರಾ ಅಂತಲೂ ಕೇಳಿ, ಅವರಿಗೆ ಎರಡು ತಿಂಗಳ ದುಡ್ಡು ಬಂದಿಲ್ಲ ಅಂತ ಕೇಳಿದ್ದೇನೆ.

ಇನ್ನು ಆ ಅರ್ಧ ಸ್ಟಾರ್. ಮೈಕನ್ನು ಡಬ್ಬಿ, ವೈರು, ಸ್ಪಂಜು ಸಮೇತ ಕೊಟ್ಟು ರಸೀದಿ ತೆಗೆದುಕೊಂಡು ನಾಲ್ಕು ತಿಂಗಳಾಯಿತು. 2,000 ಡಿಪಾಸಿಟ್ ಕೇಳಲು ಮೊನ್ನೆ ಶುಕ್ರವಾರ ಹೋಗಿದ್ದೆ. “ಕೊಡ್ತೀವಿ ಮೇಡಂ, ಅಕೌಂಟ್ಸ್‌ನವರು ರಜೆ” ಅಂದರು. ಹೋದ ತಿಂಗಳೂ ರಜೆಯಲ್ಲೇ ಇದ್ದರು. ಪಕ್ಕದ ಟೇಬಲ್ಲಿನ ಮೇಲೆ ಅದೇ ಮೈಕು, ಹೊಸ ಬ್ಯಾಚಿನ ಹುಡುಗಿಯೊಬ್ಬಳ ದುಪಟ್ಟಾಗೆ ಸಿಕ್ಕಿಸುತ್ತಿದ್ದರು, ಸರದ ಮೇಲೇ. ನಾಲ್ಕು ಬೆರಳು ಪಕ್ಕಕ್ಕೆ ಹಾಕಮ್ಮ ಅಂತ ಹೇಳಿ ಬಂದೆ.